ಕುಂಡದ ‘ಜೆರೇನಿಯಂ’ ನಿಜವಾಗಿಯೂ ಜೆರೇನಿಯಮ್ಮೇ?

ಪ್ರಶ್ನೆ
ನಮಸ್ಕಾರ. ಕುಂಡದಲ್ಲಿ ಬೆಳೆಸಿರುವ ನನ್ನ ಕೆಂಪು ಹೂವಿನ ಗಿಡವನ್ನು ಎಲ್ಲರೂ ಜೆರೇನಿಯಂ ಎನ್ನುತ್ತಾರೆ. ಸಸ್ಯಶಾಸ್ತ್ರ ಬಲ್ಲ ಗೆಳತಿಯೊಬ್ಬರು ಮಾತ್ರ ಅದು ಪೆಲಾರ್ಗೋನಿಯಂ ಎಂದು ತಿದ್ದಿದರು. ಎರಡೂ ಒಂದೇ ಕುಟುಂಬದವಾಗಿದ್ದೂ ಈ ಗೊಂದಲವೇಕೆ? ಹೂವನ್ನು ನೋಡಿ ಗುರುತಿಸುವುದು ಹೇಗೆ?

ಉತ್ತರ 1
ನಿಮ್ಮ ಗೆಳತಿ ಹೇಳಿದ್ದು ಸರಿ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇವೆಲ್ಲವನ್ನೂ ಜೆರೇನಿಯಂ ಎಂಬ ಒಂದೇ ಕುಲದಲ್ಲಿ ಇರಿಸಿದ್ದರು. 1789ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಲೆರಿಟಿಯೆ ಅವರು ಪೆಲಾರ್ಗೋನಿಯಂ ಮತ್ತು ಎರೋಡಿಯಂ ಕುಲಗಳನ್ನು ಬೇರ್ಪಡಿಸುವ ಹೊತ್ತಿಗೆ ಹಳೆಯ ಹೆಸರು ತೋಟಗಾರರ ಬಾಯಲ್ಲಿ ನೆಲೆಯೂರಿತ್ತು. ಕಾಯಿ ಉದ್ದನೆಯ ಕೊಕ್ಕಿನಂತಿರುವುದರಿಂದ ಮೂರಕ್ಕೂ ಕ್ರಮವಾಗಿ ಕ್ರೌಂಚ, ಕೊಕ್ಕರೆ, ಬಕ ಎಂಬ ಹಕ್ಕಿಗಳ ಗ್ರೀಕ್ ಹೆಸರುಗಳೇ ಬಂದಿವೆ.

ಜೆರೇನಿಯಂ ಹೂವಿನ ಐದು ಎಸಳುಗಳೂ ಒಂದೇ ಬಗೆಯವು. ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ಎಸಳುಗಳು ಕೆಳಗಿನ ಮೂರಕ್ಕಿಂತ ಭಿನ್ನ. ಮಿಶ್ರತಳಿಗಳಲ್ಲಿ ಈ ವ್ಯತ್ಯಾಸ ಮಸುಕಾಗಿರುವುದುಂಟು. ಆಗ ಹೂವಿನ ಬುಡಕ್ಕೆ ಸ್ವಲ್ಪ ಕೆಳಗೆ ತೊಟ್ಟನ್ನು ಬ್ಲೇಡಿನಿಂದ ಅಡ್ಡಲಾಗಿ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿ: ತೊಟ್ಟಿಗೆ ಬೆಸೆದುಕೊಂಡ ಮಕರಂದದ ಕೊಳವೆ ಸಣ್ಣ ರಂಧ್ರವಾಗಿ ಕಂಡರೆ ಅದು ಪೆಲಾರ್ಗೋನಿಯಂ.

ಉತ್ತರ 2
ಇದಕ್ಕೆ ನೆಲೆಯ ವಿಚಾರವನ್ನೂ ಸೇರಿಸಬಯಸುತ್ತೇನೆ. ಪೆಲಾರ್ಗೋನಿಯಂನ ಸುಮಾರು 280 ಪ್ರಭೇದಗಳಲ್ಲಿ ಬಹುಪಾಲು ಆಫ್ರಿಕಾದ ದಕ್ಷಿಣ ಭಾಗದಲ್ಲಿವೆ, ಅದರಲ್ಲೂ ಚಳಿಗಾಲದಲ್ಲಿ ಮಳೆ ಸುರಿದು ಬೇಸಿಗೆಯಲ್ಲಿ ನೆಲ ಒಣಗುವ ಕೇಪ್ ಪ್ರದೇಶದಲ್ಲಿ. ಆ ಒಣಹವೆಯನ್ನು ದಾಟಲು ಕೆಲವು ಕಾಂಡದಲ್ಲಿ ನೀರು ತುಂಬಿಕೊಳ್ಳುತ್ತವೆ, ಕೆಲವು ಎಲೆ ಉದುರಿಸಿ ನೆಲದಡಿಯ ಗೆಡ್ಡೆಯಾಗಿ ಉಳಿಯುತ್ತವೆ. ಅಂಥ ಗೆಡ್ಡೆಯ ಗಿಡವಾದ ಪೆಲಾರ್ಗೋನಿಯಂ ಟ್ರಿಸ್ಟೆಯ ಮಂಕು ಹೂಗಳು ಹಗಲಿಡೀ ಸುಮ್ಮನಿದ್ದು ಇರುಳಿನಲ್ಲಿ ಪತಂಗಗಳಿಗಾಗಿ ಘಮಘಮಿಸುತ್ತವೆ. ಈ ಕುಟುಂಬದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ. ಟರ್ಕಿಯ ಬೆಟ್ಟಗಳಲ್ಲಿ, ಆಸ್ಟ್ರೇಲಿಯಾದಲ್ಲಿ, ಸೇಂಟ್ ಹೆಲೆನಾ ದ್ವೀಪದಲ್ಲಿಯೂ ಬೆರಳೆಣಿಕೆಯ ಪ್ರಭೇದಗಳಿವೆ.

ಜೆರೇನಿಯಂನ ನಾನೂರಕ್ಕೂ ಮಿಕ್ಕ ಪ್ರಭೇದಗಳು ಸಮಶೀತೋಷ್ಣ ವಲಯಗಳಲ್ಲಿ ಮತ್ತು ಉಷ್ಣವಲಯದ ಎತ್ತರದ ಬೆಟ್ಟಗಳಲ್ಲಿ ಹರಡಿವೆ. ಹೆಚ್ಚಿನವು ಮೃದುವಾದ ಗಿಡಗಳು; ಹವಾಯಿಯಲ್ಲಿ ಕೆಲವು ಕಟ್ಟಿಗೆ ಬಲಿತ ಪೊದೆಗಳಾಗಿವೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ತೊಟ್ಟನ್ನು ಕತ್ತರಿಸಿದಾಗ ರಂಧ್ರ ಸ್ಪಷ್ಟವಾಗಿ ಕಂಡಿತು. ಕಾಯಿ ಬಲಿತರೆ ಬೀಜದಲ್ಲಿಯೂ ವ್ಯತ್ಯಾಸ ಇರುತ್ತದೆಯೇ?

ಉತ್ತರ 1
ಇರುತ್ತದೆ. ಹೆಚ್ಚಿನ ಜೆರೇನಿಯಂಗಳ ಕಾಯಿ ಒಣಗಿ ಬಿರಿಯುವಾಗ ಬೀಜವನ್ನು ಕವಣೆಯಂತೆ ದೂರ ಚಿಮ್ಮಿಸುತ್ತದೆ. ಪೆಲಾರ್ಗೋನಿಯಂ ಬೀಜಕ್ಕೆ ಮೃದುವಾದ ರೋಮಗಳಿರುವ ಸುರುಳಿ ಬಾಲವಿದ್ದು, ಅದು ಗಾಳಿಯಲ್ಲಿ ತೇಲಿಹೋಗುತ್ತದೆ. ಅಂಥ ಒಂದು ಬೀಜವನ್ನು ಅಂಗೈಯಲ್ಲಿಟ್ಟು ಒಂದು ಹನಿ ನೀರು ಹಾಕಿ: ಬಾಲದ ಸುರುಳಿ ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಬೀಜವನ್ನು ತಿರುಗಿಸುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ನೆಲದ ಮೇಲೆ ಬಿದ್ದ ಬೀಜ ಮಣ್ಣಿನೊಳಗೆ ಇಳಿಯುವುದು ಹೀಗೆಯೇ.