ಅಕ್ಕನಿಗೆ ಇಂಜೆಕ್ಷನ್ ಆಗಿದೆ, ಕೂಸಿಗೆ ಭಯ ಇಲ್ವಾ?

ಪ್ರಶ್ನೆ (ದಾವಣಗೆರೆ, ನಿಟ್ಟುವಳ್ಳಿಯ ಒಬ್ಬ ತಾಯಿ): ನಮಸ್ಕಾರ ಡಾಕ್ಟ್ರೇ. ಮಗಳಿಗೆ 6 ವರ್ಷ, ಮಗನಿಗೆ 3 ತಿಂಗಳು. ಮಗಳ ಕ್ಲಾಸಿನಲ್ಲಿ ಒಂದು ಮಗುವಿಗೆ ದಡಾರ ಎದ್ದಿದೆ. ನಮ್ಮವಳಿಗೆ ತಾಯಿ ಕಾರ್ಡಿನಲ್ಲಿರುವ ಎಲ್ಲಾ ಇಂಜೆಕ್ಷನ್ ಆಗಿವೆ. ಆದರೂ ಅತ್ತೆ, "ಅವಳಿಗೆ ಬರಲ್ಲ ಸರಿ, ಹೊತ್ಕೊಂಡು ಬಂದು ಕೂಸಿಗೆ ಕೊಡ್ತಾಳೆ, ಹದಿನೈದು ದಿನ ನಿನ್ನ ತವರಿಗೆ ಕಳಿಸು" ಅಂತಾರೆ. ಲಸಿಕೆ ರೋಗ ಬರೋದನ್ನ ಮಾತ್ರ ತಡೆಯುತ್ತಾ, ಹರಡೋದನ್ನೂ ತಡೆಯುತ್ತಾ? ಮನೆಯಲ್ಲಿ ಉಳಿದವರೆಲ್ಲ ಆರಾಮ. ಮಾವನವರಿಗೆ ಮೂರು ವಾರದಿಂದ ಕೆಮ್ಮು ಇದೆ, ಅದು ಬೀಡಿದು.

ಉತ್ತರ (ಮಕ್ಕಳ ವೈದ್ಯರು): ನಿಮ್ಮ ಅತ್ತೆಯವರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಯಾವ ರೋಗ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ.

ದಡಾರದ ವೈರಸ್ ಮೂಗಿನಿಂದ ಒಳಗೆ ಹೋಗುತ್ತದೆ. ಆದರೆ ಅಲ್ಲಿಂದಲೇ ವಾಪಸ್ ಬರುವುದಿಲ್ಲ. ರಕ್ತಕ್ಕೆ ಇಳಿದು, ಮೈಯೆಲ್ಲ ಸುತ್ತಿ, ಬೆಳೆದು, ಆಮೇಲೆ ಗಂಟಲಿಗೆ ಮರಳಿ ಕೆಮ್ಮಿನಲ್ಲಿ ಹೊರಬೀಳುತ್ತದೆ. ಲಸಿಕೆ ಕೊಟ್ಟ ಶಕ್ತಿ ಕಾದು ಕೂತಿರುವುದು ಆ ನಡುದಾರಿಯಲ್ಲೇ. ಅಲ್ಲಿ ಸಿಕ್ಕಿಬಿದ್ದ ವೈರಸ್ ಹೊರಗೆ ಬರುವುದು ಹೇಗೆ? ಎರಡು ಡೋಸ್ ಆದ 100 ಮಕ್ಕಳಲ್ಲಿ ಸುಮಾರು 97 ಮಕ್ಕಳಿಗೆ ದಡಾರ ಬರುವುದಿಲ್ಲ, ಅವರಿಂದ ಹರಡುವುದೂ ಇಲ್ಲ. ನಿಮ್ಮ ಮಗನಿಗೆ ಈ ಲಸಿಕೆ 9 ತಿಂಗಳಿಗೆ. ಅಲ್ಲಿಯವರೆಗೆ ಅವನಿಗೆ ಅಕ್ಕನೇ ಬೇಲಿ. ಬೇಲಿಯನ್ನೇ ಕಿತ್ತು ತವರಿಗೆ ಕಳಿಸ್ತೀರಾ?

ಎರಡು ಡೋಸ್ ಆಗಿದೆಯಾ ಅಂತ ಮಾತ್ರ ಕಾರ್ಡ್ ತೆಗೆದು ನೋಡಿ. ಎರಡು ಮೂರು ವಾರದೊಳಗೆ ಅವಳಿಗೆ ಜ್ವರ, ಕಣ್ಣು ಕೆಂಪು ಕಂಡರೆ ಕೂಸಿನಿಂದ ದೂರ ಇಟ್ಟು ತೋರಿಸಿ.

ನಾಯಿಕೆಮ್ಮಿನ ವಿಷಯ ಬೇರೆ. ಆ ರೋಗಾಣು ಪಡಸಾಲೆ ದಾಟಿ ಒಳಗೆ ಹೋಗುವುದೇ ಇಲ್ಲ, ಗಂಟಲು, ಶ್ವಾಸನಾಳದಲ್ಲೇ ಠಿಕಾಣಿ. ಲಸಿಕೆಯ ಶಕ್ತಿಯೂ ಕೆಲವು ವರ್ಷಕ್ಕೆ ಇಳಿಯುತ್ತದೆ. ಹಾಗಾಗಿ ಲಸಿಕೆ ಆದ ದೊಡ್ಡವರಿಗೂ ಸಣ್ಣ ಕೆಮ್ಮಿನಂತೆ ಬಂದು ಕೂಸಿಗೆ ದಾಟಬಹುದು. ನಾಯಿಕೆಮ್ಮಿನ ಲಸಿಕೆ ಇರುವುದು ಪೆಂಟಾದಲ್ಲಿ, ಅಂದರೆ ಐದು ರೋಗಕ್ಕೆ ಒಂದೇ ಇಂಜೆಕ್ಷನ್. ಮಗನ ಮೂರನೇ ಪೆಂಟಾ 14 ವಾರಕ್ಕೆ, ತಡಮಾಡಬೇಡಿ. ಇನ್ನು ಧನುರ್ವಾಯು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೇ ಅಲ್ಲ. ಊರಿಗೆಲ್ಲ ಇಂಜೆಕ್ಷನ್ ಆಗಿದ್ದರೂ ನಿಮಗೆ ಆಗದಿದ್ದರೆ ಪ್ರಯೋಜನವಿಲ್ಲ.

ಪ್ರಶ್ನೆ (ಚಿತ್ರದುರ್ಗದಿಂದ): ಸರ್, ಕೊರೊನಾ ಎರಡು ಡೋಸ್ ಆದಮೇಲೂ ನಮ್ಮ ಮನೆಯಲ್ಲಿ ಐದೂ ಜನಕ್ಕೆ ಬಂತಲ್ಲ?

ಉತ್ತರ: ಅದೂ ಪಡಸಾಲೆಯಲ್ಲೇ ಬೆಳೆಯುವ ವೈರಸ್. ಇಂಜೆಕ್ಷನ್ ತೋಳಿಗೆ, ವೈರಸ್ ಮೂಗಿನಲ್ಲಿ. ಹರಡುವುದು ಸ್ವಲ್ಪ ದಿನ ಕಡಿಮೆಯಾಯಿತು, ಓಮಿಕ್ರಾನ್ ಬಂದಮೇಲೆ ಅದೂ ಅಷ್ಟಕ್ಕಷ್ಟೇ. ಆದರೆ ಐಸಿಯು ತಪ್ಪಿಸಿದ್ದು ಅದೇ ಲಸಿಕೆ. "ಹಾಕಿಸಿಕೊಂಡರೆ ಬರೋದೇ ಇಲ್ಲ" ಅಂತ ಆಗ ಕೆಲವರು ಹೇಳಿದ್ದು ತಪ್ಪಾಯಿತು. ಜನ ಈಗ ಎಲ್ಲಾ ಲಸಿಕೆಯನ್ನೂ ಅನುಮಾನದಿಂದ ನೋಡ್ತಾರೆ.

ಪೋಲಿಯೊ ನೋಡಿ. ಇಂಜೆಕ್ಷನ್ ಕಾಲು ಉಳಿಸುತ್ತದೆ. ಬಾಯಿಗೆ ಹಾಕುವ ಹನಿ ಕರುಳಿನಲ್ಲೇ ವೈರಸ್ಸಿಗೆ ತಡೆ ಹಾಕುತ್ತದೆ, ಹರಡುವುದನ್ನು ಹೆಚ್ಚು ಕಟ್ಟಿಹಾಕುವುದು ಅದೇ. ಅದಕ್ಕೇ ಕೂಸಿಗೆ ಎರಡೂ ಕೊಡುವುದು. ನಮ್ಮ ದೇಶದಲ್ಲಿ ಕಾಡು ಪೋಲಿಯೊದ (ಲಸಿಕೆಯ ವೈರಸ್ಸಿನಿಂದಲ್ಲದೆ ತಾನಾಗಿ ಹರಡುವ ಪೋಲಿಯೊ) ಕೊನೆಯ ಕೇಸ್ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ.

ಮೊದಲ ತಾಯಿ: ಹಾಗಾದ್ರೆ ಮಗಳನ್ನ ಕಳಿಸಲ್ಲ ಡಾಕ್ಟ್ರೇ. ಅತ್ತೆಗೂ ಓದಿ ಹೇಳಿದೆ.

ಉತ್ತರ: ಒಳ್ಳೇದು. ಈಗ ನಾನು ಒಂದು ಕೇಳ್ತೀನಿ. ಮಾವನವರ ಕೆಮ್ಮನ್ನು ಯಾರಾದರೂ ನೋಡಿದ್ದಾರಾ? ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಇದೆಯಾ ಅಂತ ಕಫ ಪರೀಕ್ಷೆ ಆಗಲೇಬೇಕು, ಬೀಡಿ ಇರಲಿ ಬಿಡಲಿ. ಹುಟ್ಟಿದಾಗ ಹಾಕುವ ಬಿಸಿಜಿ, ಕೂಸಿನ ಮಿದುಳಿಗೆ ಟಿಬಿ ಏರದಂತೆ ಕಾಯುತ್ತದೆ. ದೊಡ್ಡವರಿಂದ ಟಿಬಿ ಹರಡುವುದನ್ನು ಅದು ತಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ. ನಾಳೆಯೇ ಕರೆದುಕೊಂಡು ಹೋಗಿ. ವರದಿ ಬರುವವರೆಗೆ ಕೂಸನ್ನು ತಾತನ ಪಕ್ಕ ಮಲಗಿಸಬೇಡಿ.