ತುಟಿಯ ಜ್ವರಗುಳ್ಳೆ ಪದೇ ಪದೇ ಬರುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಬೇಕಾ?

ಪ್ರಶ್ನೆ:
ತುಟಿಯಂಚಿನಲ್ಲಿ ವರ್ಷಕ್ಕೆ ನಾಲ್ಕೈದು ಸಲ ನೀರುಗುಳ್ಳೆಗಳ ಗೊಂಚಲು ಏಳುತ್ತದೆ, ಪ್ರತಿ ಸಲವೂ ಅದೇ ಜಾಗದಲ್ಲಿ. ಅಸೈಕ್ಲೋವಿರ್ ಮುಲಾಮು ಹಚ್ಚಿದರೂ ಒಣಗಲು ಎಂಟ್ಹತ್ತು ದಿನ ಹಿಡಿಯುತ್ತದೆ. ಚರ್ಮರೋಗ ತಜ್ಞರ ಹತ್ತಿರ ಇದಕ್ಕಿಂತ ಹೆಚ್ಚಿನದೇನಾದರೂ ಇದೆಯಾ? ಗುಳ್ಳೆ ಇರುವಾಗಲೇ ಹೋಗಬೇಕಾ? ರಕ್ತಪರೀಕ್ಷೆ ಮೊದಲೇ ಮಾಡಿಸಿಕೊಳ್ಳಲಾ?

ಉತ್ತರ 1:
ಇದೆ, ಮಾತ್ರೆ. 5% ಅಸೈಕ್ಲೋವಿರ್ ಮುಲಾಮನ್ನು ದಿನಕ್ಕೆ 5 ಸಲ ತಪ್ಪದೆ ಹಚ್ಚಿದರೂ ಒಣಗುವ ಸಮಯದಲ್ಲಿ ಕಡಿಮೆಯಾಗುವುದು ಅರ್ಧ ದಿನವೋ ಒಂದು ದಿನವೋ ಅಷ್ಟೆ. ಜ್ವರಗುಳ್ಳೆ ತರುವ ವೈರಸ್ ಭರದಿಂದ ಬೆಳೆಯುವುದು ಮೊದಲ ಒಂದೆರಡು ದಿನ. ಗುಳ್ಳೆ ಕನ್ನಡಿಯಲ್ಲಿ ಕಾಣುವ ಹೊತ್ತಿಗೆ ಅದರ ಕೆಲಸ ಬಹುಪಾಲು ಮುಗಿದಿರುತ್ತದೆ. ಹಾಗಾಗಿ ಔಷಧಿ ಶುರುವಾಗಬೇಕಾದ್ದು ತುಟಿ ಜುಮುಗುಟ್ಟಿ ಉರಿಯುವಾಗ, ಗುಳ್ಳೆ ಏಳುವ ಮುಂಚೆ.

ಮೂತ್ರಪಿಂಡ ಸರಿಯಿರುವ ದೊಡ್ಡವರಿಗೆ ಸಾಮಾನ್ಯವಾಗಿ ಬರೆಯುವುದು ವೈರಸ್ ತಡೆಯುವ ಮಾತ್ರೆ ವ್ಯಾಲಾಸೈಕ್ಲೋವಿರ್ 2 ಗ್ರಾಂ, 12 ಗಂಟೆ ಬಿಟ್ಟು ಮತ್ತೆ 2 ಗ್ರಾಂ. ಒಂದೇ ದಿನದಲ್ಲಿ ಮುಗಿಯಿತು. 500 ಮಿಲಿಗ್ರಾಂ ಮಾತ್ರೆಯಾದರೆ ಒಂದು ಹೊತ್ತಿಗೆ ನಾಲ್ಕು. ಎಡವಟ್ಟಾಗುವುದು ಇಲ್ಲೇ: ನಾಲ್ಕು ಮಾತ್ರೆ ನೋಡಿ ಹೆದರಿ, ದಿನಕ್ಕೊಂದರಂತೆ ಎಂಟು ದಿನ ನುಂಗುತ್ತಾರೆ, ಆಮೇಲೆ ಔಷಧಿ ನಾಟಲಿಲ್ಲ ಅನ್ನುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ತಗ್ಗಿಸಲೇಬೇಕು, ಗರ್ಭಿಣಿಯರೂ ಮೊದಲೇ ಹೇಳಬೇಕು. ಡಾಕ್ಟರ ಚೀಟಿ ಬೇಕೆನ್ನುವುದು ಅದಕ್ಕೇ. ಒಮ್ಮೆ ಬರೆಸಿಕೊಂಡು ಮಾತ್ರೆ ಮನೆಯಲ್ಲಿಟ್ಟುಕೊಳ್ಳಿ. ಜುಮುಗುಟ್ಟಿದ ಮೇಲೆ ಅಪಾಯಿಂಟ್‌ಮೆಂಟಿಗೆ ಕಾದು ಕೂತರೆ ಆ ಸಲದ ಅವಕಾಶ ತಪ್ಪಿತೆಂದೇ ಲೆಕ್ಕ.

ಉತ್ತರ 2:
ರಕ್ತಪರೀಕ್ಷೆ ಬೇಡ. ಜಗತ್ತಿನಲ್ಲಿ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರಿಗೆ ಜ್ವರಗುಳ್ಳೆ ತರುವ ಈ ಎಚ್‌ಎಸ್‌ವಿ-1 (ಹರ್ಪಿಸ್ ಸಿಂಪ್ಲೆಕ್ಸ್) ವೈರಸ್ ಇದೆ. ಪಾಸಿಟಿವ್ ಬಂದರೂ ತುಟಿ ಮೇಲಿರುವುದು ಅದೇ ಎಂದು ಸಾಬೀತಾಗುವುದಿಲ್ಲ. ಅನುಮಾನವಿದ್ದರೆ ಹೊಸ ಗುಳ್ಳೆಯ ಬುಡದಿಂದ ಸ್ವಾಬ್ ತೆಗೆದು, ವೈರಸ್ಸಿನ ಗುರುತು ಹಿಡಿಯುವ ಪಿಸಿಆರ್ ಪರೀಕ್ಷೆ ಮಾಡಬೇಕು. ಹಕ್ಕಳೆ ಕಟ್ಟಿದ ಮೇಲೆ ವೈರಸ್ ಸಿಗುವುದು ಕಷ್ಟ. ಗುಳ್ಳೆ ಇರುವಾಗ ಹೋಗಲು ಆಗದಿದ್ದರೆ ದಿನಕ್ಕೊಂದು ಫೋಟೋ ತೆಗೆದಿಡಿ.

ಬಾಯಿಯ ಮೂಲೆ ಸೀಳಿ ಬಿಳಿಚಿಕೊಂಡಿದ್ದರೆ, ಜೇನಿನ ಬಣ್ಣದ ಹಕ್ಕಳೆ ಹರಡುತ್ತಿದ್ದರೆ, ಅಥವಾ ಕೆನ್ನೆಯ ಒಳಗೆ ಹುಣ್ಣಾಗಿದ್ದರೆ ಅವು ಬಹುತೇಕ ಬೇರೆ ಕಾಯಿಲೆಗಳು. ಚಿಕಿತ್ಸೆಯೂ ಬೇರೆ.

ಉತ್ತರ 3:
ಇನ್ನೊಂದು ಮಾತು. ತುರಿಕೆಗೆಂದು ತಂದಿಟ್ಟ ಸ್ಟೀರಾಯ್ಡ್ ಮಿಶ್ರಣದ ಮುಲಾಮನ್ನು ಇದಕ್ಕೆ ಮುಟ್ಟಿಸಲೇಬೇಡಿ. ಕೆಂಪು ಇಳಿದಂತೆ ಕಂಡರೂ ಒಳಗೆ ವೈರಸ್‌ಗೆ ದಾರಿ ಸಲೀಸಾಗುತ್ತದೆ.

ಯಾವ ಯಾವ ತಿಂಗಳು ಬಂತು, ಹಿಂದಿನ ದಿನ ಬಿಸಿಲು, ಜ್ವರ, ಮುಟ್ಟು, ನಿದ್ದೆಗೇಡು, ಹಲ್ಲಿನ ಚಿಕಿತ್ಸೆ ಏನಾದರೂ ಇತ್ತಾ ಎಂದು ಬರೆದುಕೊಂಡು ಹೋಗಿ. ಬಿಸಿಲಿನಿಂದ ಏಳುವುದಾದರೆ ಎಸ್‌ಪಿಎಫ್ 30ರ ಲಿಪ್ ಬಾಮ್ ಸಾಕಾಗಬಹುದು. ವರ್ಷಕ್ಕೆ ಆರು ಸಲ ದಾಟಿದರೆ ದಿನಾ ಒಂದು 500 ಮಿಲಿಗ್ರಾಂ ವ್ಯಾಲಾಸೈಕ್ಲೋವಿರ್ ಕೆಲವು ತಿಂಗಳು ಕೊಡುವ ಕ್ರಮವಿದೆ. ಅದೂ ತಡೆಯುತ್ತದಷ್ಟೆ. ಮುಖದ ನರದ ಗಂಟಿನಲ್ಲಿ ಅಡಗಿ ಕೂತ ವೈರಸ್ಸನ್ನು ಯಾವ ಮಾತ್ರೆಯೂ ಓಡಿಸುವುದಿಲ್ಲ.

ಪ್ರಶ್ನೆ ಕೇಳಿದವರು:
ಗುಳ್ಳೆ ಒಡೆದು ನೀರು ತೆಗೆದರೆ ಬೇಗ ಒಣಗುತ್ತದಾ?

ಉತ್ತರ 1:
ಇಲ್ಲ. ಆ ನೀರಿನಲ್ಲೇ ವೈರಸ್ ತುಂಬಿರುತ್ತದೆ. ಮುಟ್ಟಿದ ಕೈಯಿಂದ ಕಣ್ಣು ಉಜ್ಜಬೇಡಿ, ಲೆನ್ಸ್ ಹಾಕಬೇಡಿ. ಕಣ್ಣು ಕೆಂಪಾಗಿ ನೋವು, ಮಂಜು ಬಂದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಓಡಿ. ಹಕ್ಕಳೆ ಬಿರಿಯದಂತೆ ಪೆಟ್ರೋಲಿಯಂ ಜೆಲ್ಲಿ ಸವರಿ. ಅದು ಪೂರ್ತಿ ಉದುರುವ ತನಕ ಹಸುಗೂಸುಗಳಿಗೆ ಮುತ್ತು ಕೊಡುವಂತಿಲ್ಲ.