ಹಂಪಿ ಬಿಟ್ಟು ಬೇರೆಲ್ಲಿಗೆ? ಬಳ್ಳಾರಿಯಿಂದ ಭಾನುವಾರದ ದಾರಿಗಳು

ಕೇಳಿದವರು

ವರ್ಗವಾಗಿ ಬಳ್ಳಾರಿಗೆ ಬಂದು ಒಂಬತ್ತು ತಿಂಗಳಾಯಿತು. ಊರಿನಿಂದ ಯಾರೇ ಬಂದರೂ ಹಂಪಿಗೆ ಕರೆದುಕೊಂಡು ಹೋಗುತ್ತೇವೆ. ಈಗಾಗಲೇ ನಾಲ್ಕು ಸಲ ಆಯಿತು. ಕಲ್ಲಿನ ರಥದ ಮುಂದೆ ತೆಗೆಸಿಕೊಂಡ ಫೋಟೋಗಳಲ್ಲಿ ನಮ್ಮ ಬಟ್ಟೆ ಮಾತ್ರ ಬೇರೆ ಬೇರೆ. ಮನೆಯಲ್ಲಿ ನಾವಿಬ್ಬರು, ಎಂಟು ಮತ್ತು ಹನ್ನೊಂದು ವರ್ಷದ ಮಕ್ಕಳು, ಮಂಡಿನೋವಿನ ಅತ್ತೆ. ಹಳೆಯ ಸಣ್ಣ ಕಾರು. ರಜೆ ಭಾನುವಾರ ಒಂದೇ. ಬೆಟ್ಟವೋ ಕಾಡೋ ಹೊಳೆಯೋ, ಹೋಗಿ ನೋಡಿದವರು ಹೇಳಿ. ಪಟ್ಟಿ ಬೇಡ, ಅನುಭವ ಬೇಕು.

ಬಳ್ಳಾರಿಯಿಂದ

ಮೇಡಂ, ಮೊದಲು ಸಂಡೂರು. ಇಲ್ಲಿಂದ ಐವತ್ತು ಕಿಲೋಮೀಟರ್ ಚಿಲ್ಲರೆ. ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕೆಂಬ ಮಾತು ಗಾಂಧೀಜಿಯವರ ಹೆಸರಿನಲ್ಲಿ ನಮ್ಮ ಕಡೆ ಓಡಾಡುತ್ತದೆ. ಅವರು 1934ರಲ್ಲಿ ಸಂಡೂರಿಗೆ ಬಂದಿದ್ದಂತೂ ನಿಜ. ಮಳೆ ಹಿಡಿದ ಮೇಲೆ ಹೋದವರಿಗೆ ಆ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ. ಬಳ್ಳಾರಿಯ ಬೋಳು ಬಂಡೆ ನೋಡಿ ಒಣಗಿದ ಕಣ್ಣಿಗೆ ನಾರಿಹಳ್ಳ ಜಲಾಶಯದ ಸುತ್ತಲಿನ ಹಸಿರು ಗುಡ್ಡಗಳು ಬೇರೆ ಜಿಲ್ಲೆಯಂತೆಯೇ ಕಾಣುತ್ತವೆ. ಅಲ್ಲಿಂದ ಕುಮಾರಸ್ವಾಮಿ ಬೆಟ್ಟಕ್ಕೆ ಕಾರು ಹತ್ತುತ್ತದೆ, ಅತ್ತೆಯವರಿಗೆ ತೊಂದರೆಯಿಲ್ಲ. ಅಲ್ಲಿನ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು.

ಆದರೆ ದಾರಿಯ ವಿಷಯ ಹೇಳಲೇಬೇಕು. ತೋರಣಗಲ್ಲಿನಿಂದ ಮುಂದೆ ಅದಿರಿನ ಲಾರಿಗಳದ್ದೇ ರಾಜ್ಯ. ಒಮ್ಮೆ ಒಂಬತ್ತು ಗಂಟೆಗೆ ನಿಧಾನವಾಗಿ ಹೊರಟು, ಲಾರಿಗಳ ಬಾಲ ಹಿಡಿದು ಹೋಗಿದ್ದೆ. ಗಾಜಿನ ಮೇಲೆ ಕೆಂಪು ಧೂಳು ಕೂತಿತು. ಬುದ್ಧಿವಂತನಂತೆ ನೀರು ಚಿಮ್ಮಿಸಿ ವೈಪರ್ ಹಾಕಿದೆ. ಧೂಳು ಕೆಸರಾಗಿ, ಎದುರಿಗೆ ಸಾರಣೆ ಮಾಡಿದ ಗೋಡೆಯಷ್ಟೇ ಕಾಣುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ ಕುಡಿಯುವ ನೀರಿನಲ್ಲೇ ತೊಳೆದೆ. ಧೂಳನ್ನು ಒಣಬಟ್ಟೆಯಿಂದ ಕೊಡವಬೇಕು, ಆಮೇಲೆ ನೀರು. ಐದೂವರೆಗೆ ಮನೆ ಬಿಟ್ಟರೆ ಇಷ್ಟು ರಗಳೆ ಇಲ್ಲ.

ಬೇಸಿಗೆಯಲ್ಲಿ ಸಂಡೂರನ್ನು ಮರೆತುಬಿಡಿ. ಇನ್ನೊಂದು ಭಾನುವಾರ ದರೋಜಿ ಕರಡಿಧಾಮಕ್ಕೆ ಹೋಗಿ. ಮಧ್ಯಾಹ್ನ ಊಟ ಮುಗಿಸಿಯೇ ಹೊರಡಬಹುದು. ಕರಡಿಗಳು ಬಂಡೆಗಳ ಸಂದಿಯಿಂದ ಹೊರಬರುವುದೇ ಬಿಸಿಲು ಇಳಿದ ಮೇಲೆ.

ಹೊಸಪೇಟೆಯಿಂದ

ದರೋಜಿಗೆ ಒಂದು ಮಾತು ಸೇರಿಸುತ್ತೇನೆ. ಅದು 1994ರಲ್ಲಿ ಘೋಷಣೆಯಾದ ಧಾಮ, ಎಂಬತ್ತೆರಡು ಚದರ ಕಿಲೋಮೀಟರಿಗೂ ಹೆಚ್ಚು. ಆದರೆ ನಿಮಗೆ ಕಾಣುವುದು ವೀಕ್ಷಣಾ ಗೋಪುರದ ಎದುರಿನ ಗುಡ್ಡ ಮಾತ್ರ. ಇಲಾಖೆಯವರು ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿರುತ್ತಾರೆ, ಅದನ್ನು ನೆಕ್ಕಲು ಕರಡಿ ಬರುತ್ತದೆ. ಅದಕ್ಕೂ ಮೊದಲು ಮುಂಗುಸಿ, ನವಿಲು ಬಂದು ತಮ್ಮ ಪಾಲು ಮುಗಿಸುತ್ತವೆ. ದೂರದಿಂದ ಕರಡಿಯೂ ಕಪ್ಪು ಕಲ್ಲೂ ಒಂದೇ, ಅಲುಗಾಡಿದರೆ ಕರಡಿ. ದುರ್ಬೀನು ಇಲ್ಲದೆ ಹೋಗಬೇಡಿ. ಮಕ್ಕಳಿಗೆ ಹತ್ತಿರದಿಂದ ಹುಲಿ, ಸಿಂಹ ನೋಡಲೇಬೇಕೆಂದಿದ್ದರೆ ಕಮಲಾಪುರದ ಹತ್ತಿರ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಸಂಗ್ರಹಾಲಯವಿದೆ, ಸಫಾರಿ ವಾಹನದಲ್ಲಿ ಸುತ್ತಿಸುತ್ತಾರೆ. ಬೆಳಿಗ್ಗೆ ಅದು, ಸಂಜೆ ದರೋಜಿ. ನಡುವೆ ಮೂರನೆಯದನ್ನು ತುರುಕಬೇಡಿ.

ಸಿರುಗುಪ್ಪದಿಂದ

ನಾವು ಒಂದೇ ದಿನದಲ್ಲಿ ಅಂಜನಾದ್ರಿ, ಪಂಪಾ ಸರೋವರ, ಸಾಣಾಪುರ ಕೆರೆ, ತುಂಗಭದ್ರಾ ಅಣೆಕಟ್ಟು, ಕನಕಗಿರಿ ಎಲ್ಲ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆ ಸೇರಿದ್ದೆವು. ಮನಸ್ಸು ಮಾಡಿದರೆ ಆಗುತ್ತದೆ.

ಗಂಗಾವತಿಯಿಂದ

ಸಿರುಗುಪ್ಪದ ಸರ್, ಮುಗಿಸಿದ್ದೀರಿ, ಸರಿ. ನೋಡಿದ್ದೇನು? ಅಂಜನಾದ್ರಿಗೆ 575 ಮೆಟ್ಟಿಲು. ಅದನ್ನು ಹತ್ತಿಳಿದ ಕಾಲಿಗೆ ಕನಕಗಿರಿಯ ಕಂಬಗಳ ಕೆತ್ತನೆ ಕಾಣುತ್ತದೆಯೇ? ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂದು ಹಿರಿಯರು ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ.

ಅಕ್ಕಾ, ನಮ್ಮ ಕಡೆ ಬರುವಾಗ ದೂರಕ್ಕಿಂತ ಹೊಳೆಯನ್ನು ನೋಡಿ ಹೊರಡಬೇಕು. ಬಳ್ಳಾರಿಯವರು ಕಂಪ್ಲಿ ಸೇತುವೆ ದಾಟಿ ಬರುವುದು ರೂಢಿ. ಅಣೆಕಟ್ಟಿನಿಂದ ಲಕ್ಷ ಕ್ಯುಸೆಕ್ ಮೀರಿ ನೀರು ಬಿಟ್ಟರೆ ಆ ಸೇತುವೆ ಮುಳುಗುವ ಲೆಕ್ಕ. ಒಂದು ಜುಲೈನಲ್ಲಿ ಬೆಳಿಗ್ಗೆ ದಾಟಿ ಕಂಪ್ಲಿಯ ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಬ್ಯಾರಿಕೇಡ್ ಹಾಕಿದ್ದರು. ಸೇತುವೆಯ ಅಂಚಿನ ಕಂಬಿಗಳಿಗೆ ಕಸಕಡ್ಡಿ ಸಿಕ್ಕಿಕೊಂಡು ನೀರು ಸದ್ದಿಲ್ಲದೆ ಮೇಲೇರುತ್ತಿತ್ತು. ಬುಕ್ಕಸಾಗರ, ಕಡೆಬಾಗಿಲು ಸೇತುವೆಯ ಮೇಲೆ ಸುತ್ತಿ ಬಂದೆ. ಮಳೆಗಾಲದಲ್ಲಿ ಹೊರಡುವ ಹಿಂದಿನ ರಾತ್ರಿ ಹೊರಹರಿವು ಎಷ್ಟೆಂದು ನೋಡಿಕೊಂಡೇ ಮಲಗಿ. ಆ ದಿನಗಳಲ್ಲಿ ತೆಪ್ಪದ ಆಸೆಯೂ ಬೇಡ.

ನನ್ನನ್ನು ಕೇಳಿದರೆ ಬೆಟ್ಟ ಹತ್ತದೆಯೂ ಆನೆಗೊಂದಿ ದಾರಿಯೇ ಒಂದು ಪ್ರವಾಸ. ಒಂದು ಪಕ್ಕ ಗುಡ್ಡಗುಡ್ಡವಾಗಿ ಬಂಡೆ, ಇನ್ನೊಂದು ಪಕ್ಕ ರಸ್ತೆಗೆ ತಾಗುವ ಭತ್ತದ ಗದ್ದೆ. ಅಣೆಕಟ್ಟಿನಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ನನಗೆ ಇಷ್ಟು ವರ್ಷದಲ್ಲಿ ಎರಡೇ ಸಲ ಕಂಡಿವೆ, ಎರಡೂ ಸಲ ಬೆಳಗಿನ ಜಾವ. ಸುಗ್ಗಿಯಲ್ಲಿ ಮಾತ್ರ ಕತ್ತಲಾಗುವ ಮುನ್ನ ಮನೆ ಸೇರಿ: ಅರ್ಧ ರಸ್ತೆಯಲ್ಲಿ ಭತ್ತ ಹರವಿ ಅಂಚಿಗೆ ಕಲ್ಲು ಜೋಡಿಸಿರುತ್ತಾರೆ, ಟ್ರ್ಯಾಕ್ಟರ್ ಟ್ರೈಲರುಗಳಿಗೆ ಹಿಂದೆ ದೀಪವಿರುವುದಿಲ್ಲ.

ಹಿರೇಬೆಣಕಲ್ಲಿನ ಮೋರೇರ ಗುಡ್ಡಕ್ಕೆ ಅತ್ತೆಯವರನ್ನು ಕರೆದುಕೊಂಡು ಹೋಗಬೇಡಿ. ಬಂಡೆಗಳ ನಡುವಿನ ಏರು, ನೆರಳಿಲ್ಲ, ನೀರಿಲ್ಲ. ದೊಡ್ಡ ಮಗುವಿನೊಂದಿಗೆ ಡಿಸೆಂಬರಿನ ಬೆಳಿಗ್ಗೆ ಹೋಗಿ. ಬೃಹತ್ ಶಿಲಾಯುಗದವರು ಸತ್ತವರಿಗಾಗಿ ಕಟ್ಟಿದ, ಮನೆಯಂತೆ ಕಾಣುವ ಕಲ್ಲಿನ ಗೋರಿಗಳು ನೂರಾರು ನಿಂತಿವೆ. ಬಂಡೆಯ ಮೇಲಿನ ನಗಾರಿ ಗುಂಡನ್ನು ಸಣ್ಣ ಕಲ್ಲಿನಿಂದ ಮೆಲ್ಲಗೆ ತಟ್ಟಿದರೆ ನಿಜವಾಗಿ ನಗಾರಿಯದೇ ದನಿ.

ಕೊಪ್ಪಳದಿಂದ

ಮಂಡಿನೋವಿನವರಿಗೆ ಇಟಗಿ. ಕೊಪ್ಪಳ ದಾಟಿ ಗದಗ ದಾರಿಯಲ್ಲಿ ಬನ್ನಿಕೊಪ್ಪದ ಹತ್ತಿರ ಒಳಕ್ಕೆ ತಿರುಗಬೇಕು. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಗುಡಿ; ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಸಮನೆಲ, ಎದುರಿಗೆ ಪುಷ್ಕರಣಿ, ಗದ್ದಲವಿಲ್ಲ. ಊಟ ಕಟ್ಟಿಕೊಂಡು ಹೋಗಿ. ಜನವರಿಯಲ್ಲಿ ಗವಿಮಠದ ಜಾತ್ರೆಯ ದಿನಗಳಲ್ಲಿ ಕೊಪ್ಪಳ ಊರೊಳಗೆ ಕಾರು ತರಬೇಡಿ, ಜಾತ್ರೆಗೇ ಬರುವುದಾದರೆ ಬನ್ನಿ.

ಲಿಂಗಸುಗೂರಿನಿಂದ

ರಾಯಚೂರು ಕಡೆಗೆ ಒಂದು ಭಾನುವಾರ ಸಾಲದು, ಸೋಮವಾರವೂ ರಜೆ ಹಾಕಿ. ಮಸ್ಕಿಯಲ್ಲಿ ಅಶೋಕನ ಶಾಸನ, ಮುದಗಲ್ಲಿನಲ್ಲಿ ಕೋಟೆ, ರಾತ್ರಿ ಲಿಂಗಸುಗೂರು, ಮರುದಿನ ಕೃಷ್ಣೆಯ ನಡುಗಡ್ಡೆಯ ಜಲದುರ್ಗ. ಮಕ್ಕಳಿಗೆ ಮೊದಲೇ ಹೇಳಿ ಕರೆತನ್ನಿ: ಹಳೆಯ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂಬ ರಾಜ ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ಸಿಕ್ಕ ಮಸ್ಕಿಯ ಈ ಬಂಡೆಯಿಂದ. ಹೇಳದಿದ್ದರೆ ಅವರಿಗೆ ಅದು ಬರಿಯ ಗೀಚಿದ ಕಲ್ಲು. ನಾರಾಯಣಪುರ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಜಲದುರ್ಗದ ದಾರಿಯ ಶೀಲಹಳ್ಳಿ ಸೇತುವೆಯೂ ಮುಳುಗುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ; ನೀರು ಎಷ್ಟೇ ತಿಳಿಯಾಗಿರಲಿ, ಮಕ್ಕಳನ್ನು ಇಳಿಸಬೇಡಿ.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ನಮಸ್ಕಾರ. ದರೋಜಿಗೆ ಹೋಗಿ ಬಂದೆವು. ಐದು ಗಂಟೆಯವರೆಗೆ ಮುಂಗುಸಿಗಳಷ್ಟೇ. ಸಣ್ಣವನು ಬೇಸತ್ತು ಮೆಟ್ಟಿಲ ಮೇಲೆ ಕುಳಿತ. ದುರ್ಬೀನು ಯಾರ ಕೈಯಲ್ಲಿರಬೇಕೆಂದು ಇಬ್ಬರಿಗೂ ಜಗಳವಾಗಿ, ಕೊನೆಗೆ ಅದು ಅತ್ತೆಯ ಕೈಸೇರಿತು. ಮೊದಲು ಕಂಡದ್ದು ಅವರಿಗೇ. "ಆ ಕಲ್ಲು ನಡೆಯುತ್ತಿದೆ ನೋಡು" ಎಂದರು. ತಾಯಿ ಕರಡಿ, ಬೆನ್ನ ಮೇಲೆ ಮರಿ. ಆಮೇಲೆ ಹೊರಡುವವರೆಗೂ ಅವರು ದುರ್ಬೀನು ಬಿಡಲಿಲ್ಲ.

ಮುಂದಿನ ತಿಂಗಳು ಇಟಗಿ. ಕೊಪ್ಪಳದವರೇ, ಅಲ್ಲಿ ಊಟಕ್ಕೆ ಕೂರಲು ನೆರಳು ಎಲ್ಲಿ ಸಿಗುತ್ತದೆ?